ಆಸ್ಕರ್‌ಗೆ ಮುಂಚೆ ಯಾವ ಸಿನಿಮಾ ನೋಡೋದು, ಹೇಗೆ ನೋಡೋದು?

ಆಸ್ಕರ್ ನಾಮನಿರ್ದೇಶನದ ಪಟ್ಟಿ ಬರುವುದು ಜನವರಿಯಲ್ಲಿ. ಪ್ರಶಸ್ತಿ ಕೊಡುವುದು ಮಾರ್ಚ್ ಹೊತ್ತಿಗೆ. ನಡುವೆ ಐದಾರು ವಾರ, ಜಾಸ್ತಿ ಅಂದ್ರೆ ಏಳು. ಚಿಕ್ಕಮಗಳೂರು ಕಡೆ ಇದೇನೂ ಬಿಡುವಿನ ಕಾಲ ಅಲ್ಲ. ರೊಬಸ್ಟಾ ಕುಯ್ಲು ಪೂರ್ತಿ ಮುಗಿದಿರುವುದಿಲ್ಲ. ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಹೂವಿಗೆ ಸ್ಪ್ರಿಂಕ್ಲರ್ ಹಾಕಬೇಕು. ಮನೆಯಲ್ಲಿ ಪಿಯುಸಿ ಮಕ್ಕಳಿದ್ದರಂತೂ ಟಿವಿ ಹಾಕುವ ಹಾಗೇ ಇಲ್ಲ.

ಕಿರುಚಿತ್ರಗಳನ್ನೂ ಸೇರಿಸಿದರೆ ಪಟ್ಟಿಯಲ್ಲಿ ಸುಮಾರು 50 ಸಿನಿಮಾ ಇರುತ್ತವೆ. ಅಷ್ಟನ್ನೂ ನೋಡುತ್ತೇನೆ ಎಂದು ಹೊರಟವರು ಎರಡನೇ ವಾರಕ್ಕೇ ಸುಸ್ತಾಗುತ್ತಾರೆ. ಸುಮ್ನೆ ಎಲ್ಲದರ ಮೊದಲ ಅರ್ಧ ಗಂಟೆ ನೋಡಿ ಬಿಡುವುದಕ್ಕಿಂತ, ಒಂದೆರಡು ವಿಭಾಗ ಹಿಡಿದು ಪೂರ್ತಿ ಮುಗಿಸುವುದು ಒಳ್ಳೆಯದು.

ಮೊದಲು ಪಟ್ಟಿ ಸರಿಯಾಗಿ ಓದಿ

'ನಮ್ಮ ಸಿನಿಮಾ ಆಸ್ಕರ್‌ಗೆ ಹೋಯ್ತು' ಎಂಬ ವಾಟ್ಸಾಪ್ ಸಂದೇಶ ಪ್ರತಿ ಜನವರಿಯಲ್ಲೂ ಬರುತ್ತದೆ. ಇದರಲ್ಲಿ ಮೂರು ಹಂತ ಇವೆ. ಸ್ಪರ್ಧೆಗೆ ಅರ್ಹವಾದ ಚಿತ್ರಗಳ ಪಟ್ಟಿ ಒಂದು. ಕೆಲವು ವಿಭಾಗಗಳಿಗೆ ಡಿಸೆಂಬರಿನಲ್ಲಿ ಬರುವ ಶಾರ್ಟ್‌ಲಿಸ್ಟ್ ಇನ್ನೊಂದು. ಕೊನೆಯದು ನಾಮನಿರ್ದೇಶನ. 2023ರಲ್ಲಿ 'ಕಾಂತಾರ' ಇದ್ದದ್ದು ಮೊದಲನೆಯದರಲ್ಲಿ. ಆ ಪಟ್ಟಿಯಲ್ಲಿ ಒಟ್ಟು 301 ಚಿತ್ರಗಳಿದ್ದವು. ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಲಾ ಸಿನೆಫ್ ಎಂಬ ಸಿನಿಮಾ ವಿದ್ಯಾರ್ಥಿಗಳ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದಿತ್ತು, ಆಸ್ಕರ್ ಸ್ಪರ್ಧೆಗೂ ಅರ್ಹತೆ ಪಡೆದಿತ್ತು. ನಾಮನಿರ್ದೇಶನ ಮಾತ್ರ ಸಿಗಲಿಲ್ಲ. ಎರಡೂ ನೋಡಬೇಕಾದ ಚಿತ್ರಗಳೇ. ಆದರೆ ಇರುವ ಸಮಯ ಕಡಿಮೆಯಲ್ವಾ? ಈ ಐದಾರು ವಾರಕ್ಕೆ ಕೊನೆಯ ಪಟ್ಟಿ ಮಾತ್ರ ಇಟ್ಟುಕೊಳ್ಳಿ.

ಕಿರುಚಿತ್ರದಿಂದ ಶುರು ಮಾಡಿ

ಎಲ್ಲರೂ ಮೊದಲು ಹುಡುಕುವುದು 'ಅತ್ಯುತ್ತಮ ಚಿತ್ರ' ವಿಭಾಗದ 10 ಸಿನಿಮಾಗಳನ್ನು. ನನ್ನ ಸಲಹೆ ಉಲ್ಟಾ. ಕಿರುಚಿತ್ರಕ್ಕೆ ಮೂರು ವಿಭಾಗ ಇವೆ: ಕಥಾಚಿತ್ರ, ಅನಿಮೇಷನ್, ಸಾಕ್ಷ್ಯಚಿತ್ರ. ತಲಾ ಐದರಂತೆ ಒಟ್ಟು 15. ನಿಯಮದ ಪ್ರಕಾರ ಹೆಸರುಗಳ ಪಟ್ಟಿಯೂ ಸೇರಿ ಒಂದೊಂದೂ 40 ನಿಮಿಷ ಮೀರುವಂತಿಲ್ಲ. ರಾತ್ರಿ ಊಟ ಮುಗಿಸಿ ಕೂತರೆ ಕರೆಂಟ್ ಹೋಗುವಷ್ಟರಲ್ಲಿ ಒಂದು ಮುಗಿಯುತ್ತದೆ. ಕೆಲವನ್ನು ತಯಾರಕರೇ ಯೂಟ್ಯೂಬಿಗೆ ಹಾಕಿರುತ್ತಾರೆ, ದುಡ್ಡೂ ಬೇಕಿಲ್ಲ.

ನಮಗೆ ಹತ್ತಿರದ ವಿಷಯ ಸಿಗುವುದೂ ಇಲ್ಲೇ. 2023ರಲ್ಲಿ ಸಾಕ್ಷ್ಯ ಕಿರುಚಿತ್ರದ ಪ್ರಶಸ್ತಿ ಗೆದ್ದ 'ದಿ ಎಲಿಫೆಂಟ್ ವಿಸ್ಪರರ್ಸ್' ನಡೆಯುವುದು ಮುದುಮಲೈಯಲ್ಲಿ, ನಮ್ಮ ಬಂಡೀಪುರದ ಗಡಿ ದಾಟಿದರೆ ಸಿಗುವ ಕಾಡಿನಲ್ಲಿ. ಅನಾಥ ಆನೆಮರಿ ಸಾಕುವ ಬೊಮ್ಮನ್ ಮತ್ತು ಬೆಳ್ಳಿ ದಂಪತಿಯ ಕಥೆ ಅದು. ಮೂಡಿಗೆರೆ, ಸಕಲೇಶಪುರ, ಆಲೂರಿನ ತೋಟದವರ ಜೊತೆ ಕೂತು ಇದನ್ನು ನೋಡಬೇಕು. ಚಿತ್ರ ಮುಗಿದ ಮೇಲೆ ನಡೆಯುವ ವಾದ ಚಿತ್ರಕ್ಕಿಂತ ಉದ್ದ ಇರುತ್ತದೆ. ಆನೆ ಅಂದ ಕೂಡಲೇ ಅವರಿಗೆ ನೆನಪಾಗುವುದು ಮುರಿದ ಬಾಳೆ, ಕಿತ್ತುಹೋದ ಬೇಲಿ.

ಆಮೇಲೆ ಒಂದು ವಿಭಾಗ ಪೂರ್ತಿ

ಆಸ್ಕರ್ ಕೊಡುವ ಸಂಸ್ಥೆಯಾದ ಅಕಾಡೆಮಿಯೇ 2025ರಲ್ಲಿ ತನ್ನ ಸದಸ್ಯರಿಗೆ ಒಂದು ನಿಯಮ ತಂದಿತು: ಒಂದು ವಿಭಾಗದಲ್ಲಿ ಕೊನೆಯ ಸುತ್ತಿನ ಮತ ಹಾಕಬೇಕಾದರೆ ಆ ವಿಭಾಗದ ಎಲ್ಲಾ ಚಿತ್ರಗಳನ್ನೂ ನೋಡಿರಬೇಕು. ಅಲ್ಲಿಯವರೆಗೆ ಹಲವು ವಿಭಾಗಗಳಲ್ಲಿ ಅವರೂ ನೋಡದೆ ಮತ ಹಾಕಬಹುದಿತ್ತು ಅನ್ನುವುದು ತಮಾಷೆ. ನೀವೂ ಈ ನಿಯಮ ಹಾಕಿಕೊಳ್ಳಿ. ನಾನಾದರೆ ಅಂತರರಾಷ್ಟ್ರೀಯ ಚಿತ್ರ ವಿಭಾಗ ಹಿಡಿಯುತ್ತೇನೆ. ಐದೇ ಚಿತ್ರ, ಐದು ದೇಶ.

ಒಂದಕ್ಕಿಂತ ಹೆಚ್ಚು ವಿಭಾಗದಲ್ಲಿ ಇರುವ ಚಿತ್ರಗಳಿಗೆ ಗುರುತು ಹಾಕಿ. ಒಂದು ನೋಡಿದರೆ ಎರಡು ಲೆಕ್ಕ. 2025ರಲ್ಲಿ ಲ್ಯಾಟ್ವಿಯಾದ 'ಫ್ಲೋ' ಅನಿಮೇಷನ್ ವಿಭಾಗದಲ್ಲೂ ಇತ್ತು, ಅಂತರರಾಷ್ಟ್ರೀಯ ವಿಭಾಗದಲ್ಲೂ ಇತ್ತು. ಅನಿಮೇಷನ್ ಪ್ರಶಸ್ತಿ ಗೆದ್ದಿತು. ಪ್ರವಾಹದಲ್ಲಿ ಸಿಕ್ಕಿಕೊಂಡ ಒಂದು ಬೆಕ್ಕಿನ ಕಥೆ, ಇಡೀ ಚಿತ್ರದಲ್ಲಿ ಒಂದು ಮಾತೂ ಇಲ್ಲ. ಸಬ್‌ಟೈಟಲ್ ಓದಲಾಗದ ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಕೂತು ನೋಡಬಹುದು.

ಎಲ್ಲಿ ಸಿಗುತ್ತೆ, ಡೇಟಾ ಎಷ್ಟು ಬೇಕು?

ಇಂಥ ಚಿತ್ರಗಳು ನಮ್ಮೂರ ಥಿಯೇಟರಿಗೆ ಬರುವುದೇ ಅಪರೂಪ. ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದಾಗ ಒಂದು ನೋಡಿಕೊಂಡು ಬರಬಹುದು. ಉಳಿದದ್ದಕ್ಕೆ ಆಪ್‌ಗಳೇ ಗತಿ. ಚಂದಾದಲ್ಲಿ ಇಲ್ಲದ ಕೆಲವು ಚಿತ್ರ ಬಾಡಿಗೆಗೆ ಸಿಗುತ್ತವೆ. ಬಾಡಿಗೆ ಚಿತ್ರವನ್ನು ಶುರು ಮಾಡಲು ಸಾಮಾನ್ಯವಾಗಿ 30 ದಿನ ಇರುತ್ತದೆ. ಆದರೆ ಒಮ್ಮೆ ಪ್ಲೇ ಒತ್ತಿದರೆ 48 ಗಂಟೆಯೊಳಗೆ ಮುಗಿಸಬೇಕು. ಹೇಗಿದೆ ನೋಡೋಣ ಎಂದು ಒತ್ತಬೇಡಿ.

ಎಚ್‌ಡಿಯಲ್ಲಿ ಗಂಟೆಗೆ ಸುಮಾರು 3 ಜಿಬಿ ಖರ್ಚಾಗುತ್ತದೆ, ಸಾಧಾರಣ ಗುಣಮಟ್ಟದಲ್ಲಿ ಸುಮಾರು 1 ಜಿಬಿ. ದಿನಕ್ಕೆ 2 ಜಿಬಿ ಪ್ಯಾಕ್ ಇರುವವರ ಎಚ್‌ಡಿ ಸಿನಿಮಾ ಇಂಟರ್ವಲ್‌ಗೂ ಮೊದಲೇ ನಿಲ್ಲುತ್ತದೆ. ತೋಟದ ಮನೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಪೇಟೆಯಲ್ಲಿ ವೈಫೈ ಇರುವ ನೆಂಟರ ಮನೆಗೆ ಹೋದಾಗ ಡೌನ್‌ಲೋಡ್ ಮಾಡಿಕೊಳ್ಳಿ. ಕಾಫಿ ಕುಡಿದು ಮಾತಾಡುವಷ್ಟರಲ್ಲಿ ಎರಡು ಸಿನಿಮಾ ಇಳಿಯುತ್ತವೆ.

ಉದ್ದದ ಸಿನಿಮಾಗಳನ್ನು ಭಾನುವಾರಕ್ಕೆ ಇಡಿ. 2025ರ ಪಟ್ಟಿಯಲ್ಲಿದ್ದ 'ದಿ ಬ್ರೂಟಲಿಸ್ಟ್' 3 ಗಂಟೆ 35 ನಿಮಿಷ ಇತ್ತು, ಅದರೊಳಗೇ 15 ನಿಮಿಷದ ಇಂಟರ್ವಲ್ಲೂ ಇತ್ತು. ಎರಡು ರಾತ್ರಿಗೆ ಹಂಚಿಕೊಂಡರೂ ತಪ್ಪೇನಿಲ್ಲ.

ಮನೆಯಲ್ಲೇ ಮತದಾನ

ನೋಡಿದ ಮೇಲೆ ಯಾವುದು ಗೆಲ್ಲುತ್ತದೆ ಎಂದು ಪಂದ್ಯ ಕಟ್ಟುವುದು ಇದ್ದದ್ದೇ. 'ಅತ್ಯುತ್ತಮ ಚಿತ್ರ'ದ ಲೆಕ್ಕ ಮಾತ್ರ ಬೇರೆ ಥರ. ಮತದಾರರು ಚಿತ್ರಗಳಿಗೆ 1, 2, 3 ಎಂದು ಕ್ರಮ ಕೊಡುತ್ತಾರೆ. ಯಾವುದಕ್ಕೂ ಅರ್ಧಕ್ಕಿಂತ ಜಾಸ್ತಿ ಮೊದಲ ಮತ ಬರದಿದ್ದರೆ ಕೊನೆಯಲ್ಲಿರುವ ಚಿತ್ರ ಔಟ್. ಅದಕ್ಕೆ 1 ಕೊಟ್ಟವರ ಮತ ಅವರ ಎರಡನೇ ಆಯ್ಕೆಗೆ ಹೋಗುತ್ತದೆ. ಒಂದು ಚಿತ್ರ ಅರ್ಧ ದಾಟುವವರೆಗೂ ಹೀಗೇ. ಹಾಗಾಗಿ ಕೆಲವರು ಹುಚ್ಚರಂತೆ ಮೆಚ್ಚಿ ಉಳಿದವರು ಮುಖ ಸಿಂಡರಿಸುವ ಚಿತ್ರ ಗೆಲ್ಲುವುದು ಕಷ್ಟ. ಸಾಕಷ್ಟು ಮೊದಲ ಮತವೂ ಇದ್ದು, ಉಳಿದವರಿಗೆ ಎರಡನೆಯದೋ ಮೂರನೆಯದೋ ಆಗಿರುವ ಚಿತ್ರದ ಮೇಲೆ ಕಣ್ಣಿಡಿ. ಮನೆಮಂದಿಯೆಲ್ಲ ಚೀಟಿಯಲ್ಲಿ ಇದೇ ಥರ ಬರೆದು ಎಣಿಸಿ ನೋಡಿ, ಗಣಿತ ಆಗ ಅರ್ಥವಾಗುತ್ತದೆ.

ಸೋಮವಾರ ಬೆಳಿಗ್ಗೆ

ಸಮಾರಂಭ ನಡೆಯುವುದು ಅಮೆರಿಕದಲ್ಲಿ ಭಾನುವಾರ ಸಂಜೆ. ನಮಗದು ಸೋಮವಾರ ನಸುಕು. 2025ರಲ್ಲಿ ಮಾರ್ಚ್ 3ರ ಬೆಳಿಗ್ಗೆ 5.30ಕ್ಕೆ ಶುರುವಾಗಿತ್ತು. ಮಾರ್ಚ್ ಎರಡನೇ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತಾರೆ. ಸಮಾರಂಭ ಅದಾದ ಮೇಲೆ ಇದ್ದರೆ ನಾವು 4.30ಕ್ಕೇ ಏಳಬೇಕು. ಕಾರ್ಯಕ್ರಮ ಮೂರೂವರೆ ಗಂಟೆಯಷ್ಟು ನಡೆಯುತ್ತದೆ, 'ಅತ್ಯುತ್ತಮ ಚಿತ್ರ' ಕಟ್ಟಕಡೆಗೆ. ಅಷ್ಟು ಹೊತ್ತಿಗೆ ಕೆಲಸಕ್ಕೆ ಹೊರಟಿರುವವರು ಬಸ್ಸಿನಲ್ಲೇ ಮೊಬೈಲ್ ತೆಗೆಯಬೇಕು. ಕಡೂರು ಬಸ್ಸು ಹತ್ತಿದವರಿಗೆ ಫಲಿತಾಂಶ ಆಗಲೇ ಸಿಗಬಹುದು. ಕೊಟ್ಟಿಗೆಹಾರದ ಕಡೆ ಹೋಗುವವರು ಸಿಗ್ನಲ್ ಬರುವವರೆಗೆ ಕಾಯಬೇಕು.