ಮಲ್ಪೆಯ ಅಂಗಡಿಗೆ ಎರಡನೇ ಸಲ ಕಂಪ್ಯೂಟರ್ ತಂದದ್ದು

ಮಲ್ಪೆಯಲ್ಲಿ ನಮ್ಮದು ಬೋಟಿನ ಸಾಮಾನಿನ ಅಂಗಡಿ. ಹಗ್ಗ, ಬಲೆ, ಶ್ಯಾಕಲ್ (ಹಗ್ಗ, ಸರಪಳಿ ಜೋಡಿಸುವ ಲೋಹದ ಕೊಂಡಿ), ಬೇರಿಂಗ್, ಇಂಥವು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂತಲ್ಲ, ಆಗ ಗಾಬರಿಯಲ್ಲಿ ಒಂದು ಕಂಪ್ಯೂಟರ್, ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ತಂದು ಕೂರಿಸಿದೆವು. ಮಾರಿದವನು ತೋರಿಸಿದ, ನಾವು ತಲೆ ಆಡಿಸಿದೆವು.

ಬಿಲ್ಲು ಚಂದ ಬರುತ್ತಿತ್ತು. ದುಡ್ಡು ಸೋರುತ್ತಿದ್ದ ಜಾಗವೇ ಬೇರೆ: ಕಡ. ಇಲ್ಲಿ ಸಾಲ ಇರುವುದು ಬೋಟಿನ ಹೆಸರಲ್ಲಿ. ಇವತ್ತು ತಂಡೇಲ (ಬೋಟು ನಡೆಸುವವನು) ಬರುತ್ತಾನೆ, ನಾಳೆ ಮೆಕ್ಯಾನಿಕ್, ನಾಡಿದ್ದು ಮಾಲೀಕರ ಅಳಿಯ. ಸಾಫ್ಟ್‌ವೇರ್ ಕೇಳುವುದು ಗ್ರಾಹಕನ ಹೆಸರು. ಹಾಗಾಗಿ ಒಂದೇ ಬೋಟಿಗೆ ಮೂರು ಖಾತೆ! ನಮ್ಮ ಹಳೇ ಗುಮಾಸ್ತರು ಕೆಂಪು ಪುಸ್ತಕ ಬಿಡಲೇ ಇಲ್ಲ. 'ಕಂಪ್ಯೂಟರ್‌ಗ್ ಬೋಟ್ ಗೊತ್ತುಂಡಾ?' ಅಂತ ಕೇಳುತ್ತಿದ್ದರು.

ಆಮೇಲೆ ಒಂದು ಅಕ್ಟೋಬರ್ ಸಂಜೆ ಗುಡುಗು ಸಿಡಿಲಿಗೆ ಕಂಪ್ಯೂಟರ್ ಸುಟ್ಟಿತು. ಬ್ಯಾಕಪ್ ಇತ್ತು, ಅದರದ್ದೇ ಹಿಂಬದಿಗೆ ಚುಚ್ಚಿಟ್ಟ ಪೆನ್‌ಡ್ರೈವಿನಲ್ಲಿ. ಅದೂ ಹೋಯಿತು. ಉಳಿದದ್ದು ಕೆಂಪು ಪುಸ್ತಕ.

ಎರಡನೇ ಸಲ ಅವಸರ ಮಾಡಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆ ಬಂದ್. ಬೋಟುಗಳ ರಿಪೇರಿ ಇರುತ್ತದೆ, ಆದರೆ ಬೆಳಗ್ಗೆ ಮೂರಕ್ಕೆ ಬಾಗಿಲು ಬಡಿಯುವವರು ಇಲ್ಲ. ಮೊದಲ ಹದಿನೈದು ದಿನ ಏನೂ ಖರೀದಿಸದೆ ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಯಾರಾದರೂ ಏನನ್ನಾದರೂ ಹುಡುಕಲು ಎದ್ದರೆ, ಫೋನ್ ಮಾಡಿ ವಿಚಾರಿಸಿದರೆ, ಲೆಕ್ಕಕ್ಕೆ ಜಗಳವಾದರೆ, ಒಂದೊಂದು ಸಾಲು ಬರೆಯುವುದು. ಕೊನೆಗೆ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ, 'ಈ ಬೋಟಿನ ಬಾಕಿ ಎಷ್ಟು?' ಆಮೇಲಿನದು, 'ಈ ಸೈಜು ಗೋಡೌನಿನಲ್ಲಿ ಉಂಟಾ?' ಬಿಲ್ಲಿನ ತೊಂದರೆ ಎರಡೇ ಸಾಲು. ನಾವು ದುಡ್ಡು ಸುರಿದದ್ದು ಅದಕ್ಕೇ ಅಲ್ವಾ!

ಅಷ್ಟನ್ನು ಒಂದು ಹಾಳೆಗೆ ಇಳಿಸಿದೆ. ಖಾತೆ ಬೋಟಿನ ಹೆಸರಲ್ಲಿ ಬೇಕು, ಹಗ್ಗ ಸುರುಳಿಯಲ್ಲಿ ಕೊಂಡು ಕಿಲೋದಲ್ಲಿ ಮಾರುವಂತಿರಬೇಕು, ಮಳೆಗೆ ಇಂಟರ್ನೆಟ್ ಹೋದರೂ ಬಿಲ್ಲು ನಿಲ್ಲಬಾರದು, ರಾತ್ರಿ ಒಂದು ಪ್ರತಿ ಅಂಗಡಿಯ ಹೊರಗೆ ಹೋಗಬೇಕು. ಬಂದ ಮಾರಾಟಗಾರರ ಕೈಗೆ ನಮ್ಮ ಮೂರು ಹಳೇ ಬಿಲ್ಲು ಕೊಟ್ಟು, ಇದನ್ನೇ ಮಾಡಿ ತೋರಿಸಿ ಅಂದೆ. ಇಬ್ಬರು ಸುರುಳಿ–ಕಿಲೋದಲ್ಲೇ ಮುಗ್ಗರಿಸಿದರು. ಒಬ್ಬ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲಿನಲ್ಲಿ ನೋಂದಾಯಿಸುವ ಬಿಲ್ಲು) ಅಂತ ಹೆದರಿಸಿದ. ಅದು ಬೇಕಾಗುವುದು ವರ್ಷದ ವಹಿವಾಟು 5 ಕೋಟಿ ದಾಟಿದವರಿಗೆ, ಅದೂ ಜಿಎಸ್‌ಟಿ ನಂಬರ್ ಇರುವವರಿಗೆ ಮಾರಿದಾಗ. ನಾವೆಲ್ಲಿ, 5 ಕೋಟಿ ಎಲ್ಲಿ!

ನಿಜವಾದ ಕಷ್ಟ ಹೆಸರುಗಳದ್ದು. 'ಅರ್ಧ ಇಂಚು ಶ್ಯಾಕಲ್', 'ಶ್ಯಾಕಲ್ 12', 'ಡಿ ಶ್ಯಾಕಲ್ ಸಣ್ಣದು', ಮೂರೂ ಒಂದೇ ಡಬ್ಬಿಯ ಮಾಲು. ಇದನ್ನು ಒಂದಾಗಿಸಲು ಸಾಫ್ಟ್‌ವೇರಿಗೆ ಕೊಟ್ಟ ಸಮಯಕ್ಕಿಂತ ಜಾಸ್ತಿ ಬೇಕಾಯಿತು, ಗುಮಾಸ್ತರು ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ.

ಆಗಸ್ಟ್‌ನಲ್ಲಿ ಬೋಟು ಕಡಲಿಗೆ ಇಳಿದಾಗ ಒಂದು ತಿಂಗಳು ಪುಸ್ತಕ, ಕಂಪ್ಯೂಟರ್ ಎರಡರಲ್ಲೂ ಬರೆದೆವು. ಬಾಕಿ ಕೂಡಿಬಂತು. ಹಗ್ಗದ ಸ್ಟಾಕ್ ಮಾತ್ರ ಇನ್ನೂ ಕೂಡಿಬಂದಿಲ್ಲ. ತುಂಡು ಹಗ್ಗ ಕೇಳಿದವರಿಗೆ ಸುಮ್ನೆ ಕೊಟ್ಟುಬಿಡುತ್ತೇವೆ, ಅದನ್ನು ಯಾರು ಟೈಪ್ ಮಾಡುತ್ತಾರೆ?