ಪ್ರೆಶರ್ ವಾಷರ್ ತಗೊಳ್ಳೋಕೆ ಮುಂಚೆ ಒಂದು ಬಕೆಟ್ ಹಿಡ್ಕೊಂಡು ನಲ್ಲಿ ಹತ್ರ ಹೋಗಿ

ಪ್ರೆಶರ್ ವಾಷರ್ ಅಂದ್ರೆ ನೀರನ್ನ ಭಾರೀ ಒತ್ತಡದಲ್ಲಿ ಚಿಮ್ಮಿಸಿ ತೊಳೆಯೋ ಮೆಷಿನ್, ಆ ಒತ್ತಡದ ಅಳತೆ ಬಾರ್. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರೋ ಬಾರ್ ನಂಬರ್ ನೋಡಿ ವಾಷರ್ ತಂದೋರಲ್ಲಿ ನಾನೂ ಒಬ್ಬ. ಅಂಗಡೀಲಿ 110 ಬಾರಿಂದು ಒಂದಿತ್ತು, ಅದರ ಪಕ್ಕದಲ್ಲೇ ಹೆಚ್ಚುಕಮ್ಮಿ ಅದೇ ಗಾತ್ರದ್ದು 180 ಬಾರ್ ಅಂತ ಬರ್ಕೊಂಡು ಕೂತಿತ್ತು, ಜಾಸ್ತಿ ಇರೋದೇ ಇರ್ಲಿ ಅಂತ ಅದನ್ನೇ ಎತ್ಕೊಂಡು ಬಂದೆ. ಮನೆಗೆ ತಂದು ಆನ್ ಮಾಡಿದ್ರೆ ಹತ್ತು ಸೆಕೆಂಡ್ ಜೋರಾಗಿ ಹೊಡೆಯೋದು, ಆಮೇಲೆ ಕೆಮ್ಮು ಬಂದೋರ ಥರ ಗಡಗಡ ನಡುಗೋದು, ಮತ್ತೆ ಹತ್ತು ಸೆಕೆಂಡ್ ಜೋರು. ಪೀಸೇ ಡಿಫೆಕ್ಟು ಅಂತ ವಾಪಸ್ ಕೊಡೋಕೆ ಹೊರಟಿದ್ದೆ, ಯಾವುದಕ್ಕೂ ಇರ್ಲಿ ಅಂತ ನಲ್ಲೀನ ಬಕೆಟ್ಟಿಗೆ ಬಿಟ್ಟು ನೋಡಿದ್ಮೇಲೆ ಗೊತ್ತಾಯ್ತು, ಅದಕ್ಕೆ ಬೇಕಾದಷ್ಟು ನೀರೇ ನಮ್ಮ ನಲ್ಲೀಲಿ ಬರ್ತಿರ್ಲಿಲ್ಲ.

ಹಾಗಾಗಿ ಮೊದ್ಲು ಬಕೆಟ್ಟಿಂದಾನೇ ಶುರು ಮಾಡಿ. 10 ಲೀಟರ್ ಬಕೆಟ್ ತಗೊಳ್ಳಿ, ವಾಷರ್‌ಗೆ ಯಾವ ನಲ್ಲಿಯಿಂದ ನೀರು ಕೊಡ್ಬೇಕು ಅಂತಿದ್ದೀರೋ ಅದೇ ನಲ್ಲಿಗೆ ಅದೇ ಪೈಪ್ ಹಾಕಿ, ಪೈಪಿನ ಆ ಕೊನೇಲಿ ಬಕೆಟ್ ಇಟ್ಟು ಫೋನಲ್ಲಿ ಟೈಮ್ ನೋಡಿ. ಒಂದು ನಿಮಿಷಕ್ಕೆ ತುಂಬಿದ್ರೆ ನಿಮಿಷಕ್ಕೆ 10 ಲೀಟರ್, ಒಂದೂವರೆ ನಿಮಿಷ ಹಿಡಿದ್ರೆ ಆರೂ ಮುಕ್ಕಾಲು ಲೀಟರ್ ಹತ್ರ ಅಷ್ಟೇ. ಮನೆ ಬಳಕೆಯ ಸಣ್ಣ ಕರೆಂಟ್ ವಾಷರ್‌ಗಳು ಸಾಮಾನ್ಯವಾಗಿ ನಿಮಿಷಕ್ಕೆ 5ರಿಂದ 8 ಲೀಟರ್ ಎಳೀತವೆ, ನಿಮ್ಮ ನಲ್ಲಿ ಅದಕ್ಕಿಂತ ಒಂದೆರಡು ಲೀಟರ್ ಜಾಸ್ತೀನೇ ಕೊಡ್ಬೇಕು. ಕಮ್ಮಿ ಆದ್ರೆ ಪಂಪ್ ಒಳಗೆ ನೀರಿನ ಬದ್ಲು ಗುಳ್ಳೆ ಹುಟ್ಟಿ ಒಡೆಯೋಕೆ ಶುರುವಾಗುತ್ತೆ, ನಾನು ಹೇಳಿದ ಆ ಗಡಗಡ ಅದೇ, ಹಾಗೇ ಓಡಿಸ್ತಾ ಹೋದ್ರೆ ಸೀಲು, ವಾಲ್ವು ಎಲ್ಲಾ ಸವೆದು ಹೋಗ್ತವೆ. ಮೇಲ್ಗಡೆ ಟ್ಯಾಂಕಿಂದ ಬರೋ ನೀರಾದ್ರೆ ಇನ್ನೂ ಹುಷಾರು, ಟ್ಯಾಂಕು 3 ಮೀಟರ್ ಎತ್ತರದಲ್ಲಿದ್ರೆ ನಲ್ಲೀಲಿ ಬರೋ ಪ್ರೆಶರ್ 0.3 ಬಾರ್ ಅಷ್ಟೇ, ಅದರಲ್ಲಿ ಉದ್ದದ ಸಣ್ಣ ಪೈಪ್ ಹಾಕಿದ್ರೆ ಇರೋದ್ರಲ್ಲೂ ಅರ್ಧ ಪೈಪೇ ತಿಂದ್ಬಿಡುತ್ತೆ.

ನಲ್ಲಿ ಸಾಲಲ್ಲ ಅಂತ ಗೊತ್ತಾದ್ರೆ ತಲೆ ಕೆಡಿಸ್ಕೊಬೇಡಿ, ಸೆಲ್ಫ್ ಸಕ್ಷನ್ ಇರೋ ಮಾಡೆಲ್ ನೋಡಿ, ಅಂದ್ರೆ ಡ್ರಮ್ಮಲ್ಲೋ ದೊಡ್ಡ ಬಕೆಟ್ಟಲ್ಲೋ ನೀರು ತುಂಬಿಟ್ರೆ ತಾನೇ ಎಳ್ಕೊಳ್ಳುತ್ತೆ. ಎಲ್ಲಾ ಮೆಷಿನ್‌ಗೂ ಇದು ಬರಲ್ಲ, ಡಬ್ಬದ ಮೇಲೆ ಬರೆದಿರ್ಬೇಕು, ಅಂಗಡಿಯೋರು ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಎಳೆಯೋ ಪೈಪು ಗಟ್ಟಿ ಇರ್ಬೇಕು, ಮೆತ್ತಗಿನ ಗಾರ್ಡನ್ ಪೈಪ್ ಹಾಕಿದ್ರೆ ಒಳಗೆ ಹೀರ್ಕೊಂಡು ಚಪ್ಪಟೆ ಆಗ್ಬಿಡುತ್ತೆ. ತುದೀಲಿ ಫಿಲ್ಟರ್ ಬೇಕೇ ಬೇಕು. ಡ್ರಮ್ಮು ಮೆಷಿನ್‌ಗಿಂತ ಕೆಳಗಿರೋ ಬದ್ಲು ಅದರ ಸಮಕ್ಕೋ ಸ್ವಲ್ಪ ಮೇಲೋ ಇದ್ರೆ ಪಂಪಿಗೆ ಕೆಲಸ ಹಗುರ. ಮತ್ತೆ ಆನ್ ಮಾಡೋಕೆ ಮುಂಚೆ ಆ ಪೈಪನ್ನ ಪೂರ್ತಿ ನೀರಲ್ಲಿ ಮುಳುಗಿಸಿ ಗಾಳಿ ಹೊರಗೆ ಹಾಕಿ ಆಮೇಲೆ ಮೆಷಿನ್‌ಗೆ ಸಿಗಿಸಿ, ಇಲ್ಲಾಂದ್ರೆ ಗಾಳಿ ಎಳ್ಕೊಂಡು ಒಣಗಿ ಓಡ್ತಿರುತ್ತೆ.

ಈಗ ಆ ಬಾರ್ ಕಥೆಗೆ ಬರೋಣ. ಡಬ್ಬದ ಮೇಲೆ ದೊಡ್ಡದಾಗಿ ಇರೋದು ಮ್ಯಾಕ್ಸಿಮಮ್ ಪ್ರೆಶರ್, ಅದು ಪಂಪಲ್ಲಿ ಒಂದು ಕ್ಷಣ ಮುಟ್ಟೋ ಗರಿಷ್ಠ ಅಷ್ಟೇ, ನೀವು ಗನ್ ಒತ್ಕೊಂಡು ತೊಳೀತಿರುವಾಗ ಸಿಗೋದು ವರ್ಕಿಂಗ್ ಪ್ರೆಶರ್, ಅದನ್ನ ಒಳಗಡೆ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ. ಕೆಲವರು ಒತ್ತಡದ ಇನ್ನೊಂದು ಅಳತೆ ಪಿಎಸ್‌ಐ ಅಂತ ಹಾಕಿ ನಂಬರ್ ಇನ್ನೂ ದೊಡ್ಡದು ಮಾಡಿ ತೋರಿಸ್ತಾರೆ, 1 ಬಾರ್ ಅಂದ್ರೆ 14.5 ಪಿಎಸ್‌ಐ, ಹಾಗಾಗಿ 1450 ಪಿಎಸ್‌ಐ ಅಂದ್ರೆ ಬರೀ 100 ಬಾರು. ಲೀಟರ್ ಲೆಕ್ಕದಲ್ಲೂ ಅಷ್ಟೇ, ಮ್ಯಾಕ್ಸಿಮಮ್ ಫ್ಲೋ ಅಂತ ಬರೆದಿರೋದು ಮ್ಯಾಕ್ಸಿಮಮ್ ಪ್ರೆಶರ್ ಜೊತೆ ಒಟ್ಟಿಗೆ ಸಿಗಲ್ಲ.

ಇದನ್ನ ಹಿಡಿಯೋಕೆ ಒಂದು ಸಣ್ಣ ಲೆಕ್ಕ ಇದೆ, ಅಂಗಡೀಲಿ ನಿಂತ್ಕೊಂಡೇ ಫೋನಲ್ಲಿ ಮಾಡ್ಬಹುದು. ಬಾರನ್ನ ನಿಮಿಷದ ಲೀಟರ್‌ನಿಂದ ಗುಣಿಸಿ, 600ರಿಂದ ಭಾಗಿಸಿ, ಬರೋದು ಆ ನೀರನ್ನ ಅಷ್ಟು ಒತ್ತಡದಲ್ಲಿ ತಳ್ಳೋಕೆ ಬೇಕಾದ ಕಿಲೋವ್ಯಾಟ್. ನನ್ನ 180 ಬಾರಿನ ಮಹಾರಾಜನ ಮೇಲೆ ನಿಮಿಷಕ್ಕೆ 8 ಲೀಟರ್ ಅಂತಿತ್ತು, 180 ಗುಣಿಸು 8 ಅಂದ್ರೆ 1440, ಅದನ್ನ 600ರಿಂದ ಭಾಗಿಸಿದ್ರೆ 2.4 ಕಿಲೋವ್ಯಾಟ್, ಆದ್ರೆ ಮೋಟಾರ್ ಎಷ್ಟಿಂದು ಅಂತ ನೋಡಿದ್ರೆ 1800 ವ್ಯಾಟು! ಒಳಗೆ ಹೋಗೋ ಕರೆಂಟಿಗಿಂತ ಜಾಸ್ತಿ ಶಕ್ತಿ ಹೊರಗೆ ಬರೋದು ಯಾವ ಮೆಷಿನ್‌ನಲ್ಲೂ ಸಾಧ್ಯ ಇಲ್ಲ, ಅದೂ ಅಲ್ದೆ ಮೋಟಾರು ಪಂಪು ಬಿಸಿಯಾಗಿ, ಸದ್ದು ಮಾಡಿ ಒಂದಷ್ಟನ್ನ ತಾವೇ ತಿಂದು ಹಾಕ್ತವೆ. ಲೆಕ್ಕದಲ್ಲಿ ಬಂದ ಕಿಲೋವ್ಯಾಟು ಮೋಟಾರಿನ ವ್ಯಾಟಿಗಿಂತ ಸಾಕಷ್ಟು ಕಮ್ಮಿ ಇದ್ರೆ ಆ ಡಬ್ಬದ ಮಾತು ನಂಬ್ಬಹುದು. 100 ಬಾರು, 6 ಲೀಟರು, 1600 ವ್ಯಾಟು ಅಂತ ಇದ್ರೆ 1 ಕಿಲೋವ್ಯಾಟ್ ಬರುತ್ತೆ, ಅಂಥದ್ದು ಸರಿ.

ಬಾರು ಕೊಳೆ ಕೀಳುತ್ತೆ, ಲೀಟರು ಕಿತ್ತ ಕೊಳೇನ ತಳ್ಕೊಂಡು ಹೋಗುತ್ತೆ. ಲೀಟರ್ ಕಮ್ಮಿ ಇರೋ ಮೆಷಿನಲ್ಲಿ ಅಂಗಳ ತೊಳೆದ್ರೆ ಪಾಚಿ ಎದ್ದು ಬರುತ್ತೆ, ಆದ್ರೆ ಹಸಿರು ಕೆಸರಾಗಿ ಅಲ್ಲೇ ಸುತ್ತಾಡ್ತಾ ಇರುತ್ತೆ, ಕೊನೆಗೆ ಪೊರಕೆ ಹಿಡೀಬೇಕು. ಬೈಕು, ಕಾರು, ಪ್ಲಾಸ್ಟಿಕ್ ಕುರ್ಚಿ, ಗೇಟು ಇಷ್ಟೇ ಆದ್ರೆ ವರ್ಕಿಂಗ್ ಪ್ರೆಶರ್ 90ರಿಂದ 110 ಬಾರ್, ಲೀಟರ್ ಆರರ ಹತ್ರ ಇದ್ರೆ ಧಾರಾಳ ಆಯ್ತು. ಕಾಂಕ್ರೀಟ್ ಅಂಗಳ, ಕಾಂಪೌಂಡ್ ಗೋಡೆ, ಪಾಚಿ ಕಟ್ಟಿದ ಮೆಟ್ಟಿಲು ಇದ್ರೆ 120, 130 ಬಾರ್, 7 ಲೀಟರಿಗೆ ಕಮ್ಮಿ ಬೇಡ. ಪೆಟ್ರೋಲ್ ಎಂಜಿನಿಂದು ಬೇಕಾಗೋದು ಪ್ಲಗ್ ಪಾಯಿಂಟ್ ಎಟುಕದ ಜಾಗಕ್ಕೆ, ಇಲ್ಲಾ ತುಂಬಾ ದೊಡ್ಡ ಜಾಗಕ್ಕೆ, ಮನೆಗೆ ಅದರ ಸದ್ದು, ಹೊಗೆ, ಆಯಿಲ್ ಬದಲಾಯಿಸೋ ರಗಳೆ ಯಾಕೆ ಅನ್ಸುತ್ತೆ ನಂಗೆ, ಮತ್ತೆ ಅದನ್ನ ಶೆಡ್ ಒಳಗೆ, ಗ್ಯಾರೇಜ್ ಒಳಗೆ ಬಾಗಿಲು ತೆಗೆದಿಟ್ಟೂ ಓಡಿಸ್ಬಾರ್ದು, ಕಾರ್ಬನ್ ಮಾನಾಕ್ಸೈಡ್ ವಾಸನೆ ಇಲ್ದೆ ಕೊಲ್ಲುತ್ತೆ.

ಮೋಟಾರಲ್ಲಿ ಎರಡು ಜಾತಿ. ಯೂನಿವರ್ಸಲ್ ಅಂತ ಒಂದು, ಮಿಕ್ಸಿ, ಡ್ರಿಲ್ಲಲ್ಲಿ ಇರೋ ಥರದ್ದು, ಕಾರ್ಬನ್ ಬ್ರಷ್ ಇರುತ್ತೆ, ಹಗುರ, ಅಗ್ಗ, ಕಿರುಚೋದು ಮಾತ್ರ ಪಕ್ಕದ ಮನೆಯೋರಿಗೂ ಕೇಳುತ್ತೆ. ಇನ್ನೊಂದು ಇಂಡಕ್ಷನ್, ಅದರಲ್ಲಿ ಬ್ರಷ್ಷೇ ಇಲ್ಲ, ನಿಧಾನಕ್ಕೆ ಸುತ್ತುತ್ತೆ, ಗುಂಯ್ ಅನ್ನುತ್ತೆ ಅಷ್ಟೇ, ತೂಕ ಮಾತ್ರ ಎರಡು ಮೂರು ಪಟ್ಟು. ಡಬ್ಬದ ಮೇಲೆ ಬರೆದಿಲ್ಲ ಅಂದ್ರೆ ಎತ್ತಿ ನೋಡಿ, ಒಂದೇ ಕೈಯಲ್ಲಿ ಸಲೀಸಾಗಿ ಎದ್ದು ಬಂತು ಅಂದ್ರೆ ಹೆಚ್ಚಾಗಿ ಯೂನಿವರ್ಸಲ್ಲೇ. ವಾರಕ್ಕೊಂದ್ಸಲ ಅರ್ಧ ಗಂಟೆ ಗಾಡಿ ತೊಳೆಯೋರಿಗೆ ಅದು ಸಾಕು, ನಡುವೆ ಸ್ವಲ್ಪ ರೆಸ್ಟ್ ಕೊಡ್ತಾ ಇರಿ. ಒಂದೇ ಉಸಿರಿಗೆ ಎರಡು ಗಂಟೆ ಅಂಗಳ ಉಜ್ಜೋರು ಇಂಡಕ್ಷನ್‌ಗೇ ಹೋಗಿ, ನನ್ನ ಮೊದಲನೇದು ಎರಡನೇ ವರ್ಷ ಬ್ರಷ್ ಸವೆದು ಸುಟ್ಟ ವಾಸನೆ ಬಿಡ್ತಾ ಮಲ್ಕೊಂಡಿತು, ಬ್ರಷ್ ಬದಲಾಯಿಸೋಣ ಅಂದ್ರೆ ಆ ಅಳತೇದು ಎಲ್ಲೂ ಸಿಗ್ಲಿಲ್ಲ. ಹಾಗಾಗಿ ದುಡ್ಡು ಕೊಡೋಕೆ ಮುಂಚೆ ಕೇಳಿ, ಬ್ರಷ್ಷು, ಸೀಲ್ ಕಿಟ್ಟು, ಗನ್ನು, ಹೋಸು ಇಷ್ಟೂ ಬಿಡಿಬಿಡಿಯಾಗಿ ಸಿಗುತ್ತಾ ಅಂತ. ಆ ಊ ಅಂದ್ರೆ ಮುಂದಿನ ಮಾಡೆಲ್ ನೋಡಿ. ಪಂಪಿನ ಹೆಡ್ಡು ಹಿತ್ತಾಳೆದಾದ್ರೆ ಒಳ್ಳೇದು, ಅಲ್ಯೂಮಿನಿಯಮ್ ನಡೆಯುತ್ತೆ, ಪ್ಲಾಸ್ಟಿಕ್ಕಿಂದು ನಾನಾದ್ರೆ ಬಿಡ್ತೀನಿ.

ಯಾರೂ ಗಮನಿಸದೇ ಇರೋದು ಹೋಸ್, ದಿನಾ ಬೈಸ್ಕೊಳ್ಳೋದೂ ಅದೇ. ಅಗ್ಗದ ಮೆಷಿನ್ ಜೊತೆ 5 ಮೀಟರ್ ಪ್ಲಾಸ್ಟಿಕ್ ಹೋಸ್ ಕೊಡ್ತಾರೆ, ಕಾರಿನ ಒಂದು ಕಡೆ ತೊಳೆದು ಆ ಕಡೆ ಹೋಗ್ಬೇಕು ಅಂದ್ರೆ ಮೆಷಿನ್ನೇ ಎಳೀಬೇಕು, ಅದು ಹಗ್ಗ ಹಿಡಿದು ಎಳೆದ್ರೂ ಬಾರದ ಕರು ಥರ ಅಡ್ಡಡ್ಡ ಬೀಳುತ್ತೆ. ಜೊತೆಗೆ ಆ ಹೋಸು ಡಬ್ಬದಲ್ಲಿ ಸುತ್ತಿದ್ದ ಸುರುಳಿ ಮರೆಯೋದೇ ಇಲ್ಲ, ಬಿಡಿಸಿದಷ್ಟೂ ಸುತ್ಕೊಳ್ಳುತ್ತೆ. 8ರಿಂದ 10 ಮೀಟರ್ ಇರೋದು ನೋಡಿ, ಅಂಗಡೀಲೇ ಬಗ್ಗಿಸಿ ನೋಡಿ. ಬೇರೆ ಹೋಸ್ ತರೋದಾದ್ರೆ ಕನೆಕ್ಟರ್ ಅಳತೆ ನೋಡ್ಕೊಳ್ಳಿ, ಎಂ22 ಅಂತ ಇರೋ ಥ್ರೆಡ್ಡಲ್ಲೇ ಒಳಗಿನ ಪಿನ್ನು 14 ಮಿಲಿಮೀಟರಿಂದು, 15 ಮಿಲಿಮೀಟರಿಂದು ಅಂತ ಎರಡಿದೆ, ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ, 14ರ ಪಿನ್ನಿಗೆ 15ರ ಹೋಸ್ ಹಾಕಿದ್ರೆ ಥ್ರೆಡ್ ಸಲೀಸಾಗಿ ಕೂರುತ್ತೆ, ನೀರು ಮಾತ್ರ ಸುತ್ತಲೂ ಚಿಮ್ಮುತ್ತೆ.

ಟಿಎಸ್ಎಸ್ (ಟೋಟಲ್ ಸ್ಟಾಪ್ ಸಿಸ್ಟಮ್) ಅಥವಾ ಆಟೋ ಸ್ಟಾಪ್ ಇದ್ಯಾ ಅಂತ ಕೇಳಿ, ಅದಿದ್ರೆ ಗನ್ ಬಿಟ್ಟ ತಕ್ಷಣ ಮೋಟಾರ್ ನಿಲ್ಲುತ್ತೆ. ಇಲ್ಲದ ಮೆಷಿನಲ್ಲಿ ಅದೇ ನೀರು ಪಂಪ್ ಒಳಗೇ ಸುತ್ತಿ ಸುತ್ತಿ ಕಾಯುತ್ತೆ, ಫೋನ್ ಬಂತು ಅಂತ ಹತ್ತು ನಿಮಿಷ ಹಾಗೇ ಬಿಟ್ಟು ಹೋದ್ರೆ ಸೀಲ್ ಬೇಯುತ್ತೆ. ಮನೆ ಬಳಕೆಯ ಹೆಚ್ಚಿನ ಮಾಡೆಲ್‌ಗಳಿಗೆ ಒಳಗೆ ಬರೋ ನೀರೂ 40 ಡಿಗ್ರಿ ದಾಟ್ಬಾರ್ದು, ಬಿಸಿಲಲ್ಲಿ ಬಿದ್ದಿದ್ದ ಪೈಪಿನ ಮೊದಲ ನೀರನ್ನ ಚೆಲ್ಲಿ ಆಮೇಲೆ ಜೋಡಿಸಿ.

ಗನ್ನಿನ ತುದಿಗೆ ಹಾಕೋ ನಾಝಲ್‌ಗಳು ಬಣ್ಣದ ಮೇಲೆ ಬರ್ತವೆ, ಡಿಗ್ರಿ ಅಂದ್ರೆ ನೀರು ಎಷ್ಟು ಅಗಲಕ್ಕೆ ಹರಡುತ್ತೆ ಅನ್ನೋ ಕೋನ: ಕೆಂಪು 0 ಡಿಗ್ರಿ, ಹಳದಿ 15, ಹಸಿರು 25, ಬಿಳಿ 40, ಕಪ್ಪು ಸೋಪಿಗೆ. ಕೆಂಪುದನ್ನ ಡಬ್ಬದಲ್ಲೇ ಮರೆತುಬಿಡಿ, ಅದು ಸೂಜಿ ಥರ ಒಂದೇ ಚುಕ್ಕೆಗೆ ಹೊಡೆಯುತ್ತೆ, ಮನೇಲಿ ಅದಕ್ಕೆ ಕೆಲಸ ಇಲ್ಲ. ಗಾಡಿಗೆ ಹಸಿರೋ ಬಿಳಿಯೋ, ಒಂದಡಿಗಿಂತ ಹತ್ರ ಹೋಗ್ಬೇಡಿ, ಟೈರಿನ ಪಕ್ಕದ ರಬ್ಬರಿಗೆ ಇನ್ನೂ ದೂರ. ಕೆಲವು ಮೆಷಿನ್ ಜೊತೆ ತಿರುಗಿಸಿ ಅಗಲ ಕಮ್ಮಿ ಜಾಸ್ತಿ ಮಾಡೋ ಒಂದೇ ನಾಝಲ್ ಬರುತ್ತೆ, ಅದೂ ಸಾಕು. ಟರ್ಬೋ ನಾಝಲ್ ಅಂತ ಬರೋದು ಅದೇ 0 ಡಿಗ್ರಿ ನೀರನ್ನ ಗಿರಗಿರ ಸುತ್ತಿಸಿ ಹೊಡೆಯೋದು, ಕಾಂಕ್ರೀಟ್ ಪಾಚಿಗೆ ಅದರಪ್ಪನಂಥದ್ದು ಇಲ್ಲ, ಆದ್ರೆ ಕಾಂಕ್ರೀಟಿಗೆ ಮಾತ್ರ. ನಾನು ಅದೇ ಜೋಶಲ್ಲಿ ಮರದ ಬೆಂಚಿಗೂ ಹಿಡಿದೆ, ಕಪ್ಪು ಕೊಳೆ ಹೋಗಿ ಒಳಗಿನ ಹೊಂಬಣ್ಣ ಕಂಡು ಖುಷಿಯಾಗಿ ಪೂರ್ತಿ ಹೊಡೆದೆ, ಒಣಗಿದ್ಮೇಲೆ ನೋಡಿದ್ರೆ ಎಳೆ ಎಳೆ ಎದ್ದು ನಿಂತು ಬೆಕ್ಕು ಮೈ ಕೂದಲು ನಿಮಿರಿಸಿದ ಹಾಗಿತ್ತು, ಅದರ ಮೇಲೆ ಕೂತ್ರೆ ಬಟ್ಟೆಗೆಲ್ಲಾ ಸಿಬಿರು. ಮರಕ್ಕೆ ಅಗಲದ ನಾಝಲ್ಲು, ದೂರದಿಂದ, ಎಳೆ ಹೋದ ದಿಕ್ಕಿಗೇ.

ಅಂಗಳ ದೊಡ್ಡದಿದ್ರೆ ಸರ್ಫೇಸ್ ಕ್ಲೀನರ್ ಅಂತ ತಟ್ಟೆ ಥರದ ಅಟ್ಯಾಚ್‌ಮೆಂಟ್ ತಗೊಳ್ಳಿ, ಬರೀ ಲ್ಯಾನ್ಸಲ್ಲಿ, ಅಂದ್ರೆ ಗನ್ನಿನ ಮುಂದಿನ ಉದ್ದ ಕೊಳವೇಲಿ ತೊಳೆದ್ರೆ ನೆಲದ ಮೇಲೆ ಪಟ್ಟೆ ಪಟ್ಟೆ ಉಳಿಯುತ್ತೆ, ಒಣಗಿದ್ಮೇಲೇ ಕಾಣೋದು. ಪೇವರ್ ಬ್ಲಾಕ್ ಆದ್ರೆ ನಡುವಿನ ಮರಳು ಎದ್ದು ಹೋಗುತ್ತೆ, ತೊಳೆದ್ಮೇಲೆ ಮತ್ತೆ ತುಂಬೋಕೆ ಮರಳು ಇಟ್ಕೊಂಡಿರಿ. ಎಸಿ ಹೊರಗಿನ ಯೂನಿಟ್ಟಿನ ಜಾಲರಿಗೆ, ಕಾರಿನ ರೇಡಿಯೇಟರಿಗೆ, ಬೈಕಿನ ಚೈನು, ಬೇರಿಂಗಿಗೆ ಹಿಡೀಬೇಡಿ. ಆಸ್ಬೆಸ್ಟಾಸ್ ಶೀಟಿನ ಛಾವಣಿಗಂತೂ ಯಾವತ್ತೂ ಬೇಡ, ಎಳೆ ಎದ್ದು ಗಾಳಿಗೆ ಸೇರಿದ್ರೆ ಶ್ವಾಸಕೋಶಕ್ಕೆ ಹೋಗುತ್ತೆ. ಏಣಿ ಹತ್ತಿ ಗನ್ ಒತ್ತೋದೂ ಬೇಡ, ಹಿಂದಕ್ಕೆ ತಳ್ಳುತ್ತೆ.

ಕರೆಂಟ್ ವಿಷಯ ಸಣ್ಣದಲ್ಲ. 230 ವೋಲ್ಟಿಗೆ 1800 ವ್ಯಾಟ್ ಅಂದ್ರೆ 8 ಆಂಪ್ ಹತ್ರ, ಟಿವಿ ಹಾಕೋ ಸಣ್ಣ ಎಕ್ಸ್‌ಟೆನ್ಷನ್ ಬೋರ್ಡ್ ತಾಳಲ್ಲ. ಎಕ್ಸ್‌ಟೆನ್ಷನ್ ಬೇಕೇ ಬೇಕು ಅಂದ್ರೆ 2.5 ಸ್ಕ್ವೇರ್ ಎಂಎಂ ವೈರಿಂದು, ಅರ್ತ್ ಇರೋದು, ಡ್ರಮ್ಮಲ್ಲಿ ಸುತ್ತಿದ್ರೆ ಪೂರ್ತಿ ಬಿಚ್ಚಿ ಹಾಕಿ, ಸುತ್ತಿಟ್ಟೇ ಓಡಿಸಿದ್ರೆ ಒಳಗೆ ಕಾದು ಕರಗುತ್ತೆ. ಆ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ್ರೆ ತಾನೇ ಲೈನ್ ಕಡಿಯೋ ಸ್ವಿಚ್ಚು, ಇರ್ಲೇಬೇಕು, ಟೆಸ್ಟ್ ಬಟನ್ ಒತ್ತಿ ಬೀಳುತ್ತಾ ನೋಡಿ. ಕಾಲಿಗೆ ಚಪ್ಪಲಿ ಬೇಡ, ಶೂ ಹಾಕಿ, ಕಣ್ಣಿಗೆ ಕನ್ನಡಕ. ಇದನ್ನ ಮಕ್ಕಳ ಕೈಗೆ ಆಟಕ್ಕೂ ಕೊಡ್ಬೇಡಿ, ಹತ್ತಿರದಿಂದ ನೀರು ಚರ್ಮ ತೂರಿ ಒಳಗೆ ಹೋದ್ರೆ ಹೊರಗೆ ಬರೀ ಚುಕ್ಕೆಯಷ್ಟು ಗಾಯ ಕಾಣುತ್ತೆ, ಒಳಗೆ ಮಾಂಸಕ್ಕೆ ದೊಡ್ಡ ಪೆಟ್ಟಾಗಿರ್ಬಹುದು, ಚುಕ್ಕೆ ಅಂತ ಬಿಡದೆ ತಕ್ಷಣ ಆಸ್ಪತ್ರೆಗೆ ಓಡ್ಬೇಕು.

ಸೋಪಿಗೆ ವಾಷರ್‌ಗೇ ಅಂತ ಇರೋದು, ಇಲ್ಲಾ ಕಾರ್ ಶಾಂಪೂ ಬಳಸಿ, ಬ್ಲೀಚಿಂಗ್ ನೀರು, ಆಸಿಡ್ ಹಾಕಿದ್ರೆ ಸೀಲು ತಿಂದು ಹಾಕುತ್ತೆ.

ಕೆಲಸ ಮುಗಿದ್ಮೇಲೆ ಮೊದ್ಲು ಸ್ವಿಚ್ ಆಫ್, ಆಮೇಲೆ ನಲ್ಲಿ ಬಂದ್, ಆಮೇಲೆ ಗನ್ ಒತ್ತಿ ಒಳಗಿರೋ ಪ್ರೆಶರ್ ಬಿಟ್ಬಿಡಿ, ಆಮೇಲೇ ಹೋಸ್ ಬಿಚ್ಚಿ. ನೀರು ಹೆಪ್ಪುಗಟ್ಟೋ ಚಳಿ ಇರೋ ಕಡೆ ಮೆಷಿನ್ನ ಒಳಗೆ ತಂದಿಡಿ, ಉಳಿದ ನೀರು ಐಸಾಗಿ ಹಿಗ್ಗಿ ಪಂಪ್ ಸೀಳುತ್ತೆ. ಮತ್ತೆ ಮೆಷಿನ್ ತರೋ ದಿನಾನೇ ಅದರ ಅಳತೆಯ ಓ ರಿಂಗ್ (ಜಾಯಿಂಟಲ್ಲಿ ನೀರು ಸೋರದಂಗೆ ತಡೆಯೋ ರಬ್ಬರ್ ಬಳೆ) ನಾಲ್ಕೈದು ತಂದಿಟ್ಕೊಳ್ಳಿ, ಗನ್ ಜಾಯಿಂಟಲ್ಲಿ ನೀರು ಚಿಮ್ಮೋಕೆ ಶುರುವಾದ್ರೆ ಹೆಚ್ಚಿನ ಸಲ ಆ ರಿಂಗ್ ಹಾಳಾಗಿರೋದೇ ಕಾರಣ, ನಾನು ಅದು ಗೊತ್ತಿಲ್ದೆ ಹೊಸ ಗನ್ನೇ ತಂದಿದ್ದೆ, ಆ ಹೊಸದು ಈಗ ಕಪಾಟಲ್ಲಿದೆ, ರಿಂಗ್ ಹಾಕಿದ್ಮೇಲೆ ಹಳೇದೇ ಚೆನ್ನಾಗಿ ನಡೀತಿದೆ.