ಐವರ ಕಣ್ಣಿಗೂ ಒಂದೇ ಜಾಗದಲ್ಲಿ ಒಂದು ಹೃದಯ

ಮೇಜಿನ ಮೇಲೆ ಅರ್ಧ ಮೀಟರ್ ಎತ್ತರದ ಒಂದು ಹೃದಯ ಮಿಡಿಯುತ್ತಿರಬೇಕು. ಸುತ್ತ ನಾಲ್ವರು ವಿದ್ಯಾರ್ಥಿಗಳು, ಪಾಠ ಮಾಡುವ ಮೇಡಂ ಒಬ್ಬರು, ಐವರ ತಲೆಗೂ ಕ್ವೆಸ್ಟ್ 3, ಅಂದರೆ ನಿಜವಾದ ಕೋಣೆಯ ನೋಟದಲ್ಲೇ ಕಂಪ್ಯೂಟರ್ ಮಾದರಿಗಳನ್ನು ಸೇರಿಸಿ ತೋರಿಸುವ ಮೆಟಾ ಕಂಪನಿಯ ಹೆಡ್‌ಸೆಟ್. ಮೇಡಂ ಬೆರಳಿಟ್ಟು "ಇದು ಮೈಟ್ರಲ್ ಕವಾಟ" ಅಂದಾಗ ಆ ಬೆರಳು ಎಲ್ಲರಿಗೂ ಅದೇ ಕವಾಟದ ಮೇಲೆ ಕಾಣಬೇಕು. ಒಂದು ವೈದ್ಯಕೀಯ ಕಾಲೇಜಿನವರು ನನ್ನಿಂದ ಕೇಳಿದ್ದು ಇಷ್ಟೇ. ಮೈಟ್ರಲ್ ಮತ್ತು ಅಯೋರ್ಟಿಕ್ ಕವಾಟಗಳು ಅಕ್ಕಪಕ್ಕದಲ್ಲೇ ಇವೆ. ಮೂರ್ನಾಲ್ಕು ಸೆಂಟಿಮೀಟರ್ ಆಚೀಚೆ ಆದರೂ ಒಬ್ಬ ವಿದ್ಯಾರ್ಥಿ ತಪ್ಪು ಕವಾಟ ಕಲಿತು ಹೋಗುತ್ತಾನೆ.

ಇಂಥ ಕೆಲಸ ಅಂದ ತಕ್ಷಣ ಎಲ್ಲರೂ ನೆಟ್‌ವರ್ಕ್ ಬಗ್ಗೆ ಕೇಳುತ್ತಾರೆ. ನನ್ನ ಪ್ರಕಾರ ಜಾಗವನ್ನು ಹೊಂದಿಸುವುದೇ ಮೊದಲ ಕೆಲಸ, ನೆಟ್‌ವರ್ಕ್ ಆಮೇಲೆ. ಪ್ರತಿ ಹೆಡ್‌ಸೆಟ್ ತನ್ನ ಕ್ಯಾಮೆರಾಗಳಿಂದ ಕೋಣೆಯನ್ನು ನೋಡಿ ತನ್ನದೇ ನಕ್ಷೆ ಮಾಡಿಕೊಳ್ಳುತ್ತದೆ. ಆ ನಕ್ಷೆಯ ಸೊನ್ನೆ ಎಲ್ಲಿ, ಮುಂದಿನ ದಿಕ್ಕು ಯಾವುದು ಅನ್ನೋದು ಒಂದೊಂದರಲ್ಲಿ ಒಂದೊಂದು ಥರ. ಒಂದು ಹೆಡ್‌ಸೆಟ್‌ನ ಎಕ್ಸ್, ವೈ, ಜೆಡ್ ಅಂಕಿಗಳನ್ನು ಹಾಗೇ ಇನ್ನೊಂದಕ್ಕೆ ಕಳಿಸಿದರೆ ಹೃದಯ ಗೋಡೆಯೊಳಗೆ ಹೋಗಿ ಕೂತಿರುತ್ತದೆ.

ಇದಕ್ಕೆ ಸಿದ್ಧ ದಾರಿಗಳಿವೆ. ಫೋನ್‌ಗಳಲ್ಲಿ ಇಂಥ ಆ್ಯಪ್ ಮಾಡಲು ಬಳಸುವ ಗೂಗಲ್‌ನ ಎಆರ್‌ಕೋರ್‌ನಲ್ಲಿ 2018ರಿಂದಲೇ ಕ್ಲೌಡ್ ಆಂಕರ್ ಇದೆ. ಆಂಕರ್ ಅಂದರೆ ಕೋಣೆಯ ಒಂದು ಬಿಂದುವಿಗೆ ಹಾಕುವ ಗುರುತು; ಕ್ಲೌಡ್ ಆಂಕರನ್ನು ಇಂಟರ್ನೆಟ್ ಮೂಲಕ ಹಂಚಿಕೊಳ್ಳಬಹುದು. ಆಪಲ್ ಅದೇ ವರ್ಷ ಅಂಥದ್ದೇ ತನ್ನ ಎಆರ್‌ಕಿಟ್ 2ರಲ್ಲಿ ಕೋಣೆಯ ನಕ್ಷೆಯನ್ನೇ ಇನ್ನೊಂದು ಫೋನಿಗೆ ಕಳಿಸುವ ಸೌಲಭ್ಯ ಕೊಟ್ಟಿತು. ಕ್ವೆಸ್ಟ್‌ನಲ್ಲೂ ಹಂಚಿಕೊಳ್ಳುವ ಆಂಕರ್ ಇದೆ. ಆದರೆ ನಮ್ಮ ಲ್ಯಾಬಿನಲ್ಲಿ ನಂಬಬಹುದಾದ ಇಂಟರ್ನೆಟ್ ಇರಲಿಲ್ಲ. ಅಲ್ಲದೆ ಮೈಕ್ರೋಸಾಫ್ಟ್ ತನ್ನ ಅಜೂರ್ ಆಂಕರ್ ಸೇವೆಯನ್ನು 2024ರ ನವೆಂಬರ್‌ನಲ್ಲಿ ನಿಲ್ಲಿಸಿದ್ದು ನೆನಪಿತ್ತು. ವರ್ಷಗಟ್ಟಲೆ ನಡೆಯಬೇಕಾದ ಪಾಠವನ್ನು ಹೊರಗಿನ ಸೇವೆಗೆ ಕಟ್ಟಿಹಾಕಲು ಮನಸ್ಸು ಒಪ್ಪಲಿಲ್ಲ.

ಹಾಗಾಗಿ ನೆಲದ ಮೇಲೆ ಟೇಪ್ ಅಂಟಿಸಿ ಎರಡು ಗುರುತು ಮಾಡಿದೆ. ಮೇಜಿನ ಈ ಕಡೆ ಒಂದು, ಆ ಕಡೆ ಒಂದು, ನಡುವೆ 3 ಮೀಟರ್. ಪ್ರತಿ ಗುರುತಿನ ಮೇಲೂ ಕಂಟ್ರೋಲರ್ (ಹೆಡ್‌ಸೆಟ್ ಜೊತೆ ಕೈಯಲ್ಲಿ ಹಿಡಿಯುವ ಸಾಧನ) ನೆಟ್ಟಗೆ ಕೂರುವಂತೆ ರಟ್ಟಿನ ಗೂಡು. ಹೆಡ್‌ಸೆಟ್ ಹಾಕಿಕೊಂಡವರು ಮೊದಲ ಗೂಡಿನಲ್ಲಿ ಕಂಟ್ರೋಲರ್ ಇಟ್ಟು ಬಟನ್ ಒತ್ತಬೇಕು, ಆಮೇಲೆ ಎರಡನೆಯದರಲ್ಲಿ. ಮೇಲೆ ಯಾವುದು, ಕೆಳಗೆ ಯಾವುದು ಅನ್ನೋದು ಹೆಡ್‌ಸೆಟ್‌ಗೆ ತನ್ನ ಸೆನ್ಸರ್‌ಗಳಿಂದಲೇ ಗೊತ್ತು. ಉಳಿಯುವುದು ಸ್ಥಾನ ಮತ್ತು ಎಡಬಲದ ತಿರುವು ಮಾತ್ರ. ಅವೆರಡೂ ಈ ಎರಡು ಬಿಂದುಗಳಿಂದ ಸಿಗುತ್ತವೆ.

ಗುರುತುಗಳು ದೂರ ಇದ್ದಷ್ಟೂ ಒಳ್ಳೆಯದು. 3 ಮೀಟರ್ ಅಂತರದಲ್ಲಿ ಒಂದು ತುದಿ 1 ಸೆಂಟಿಮೀಟರ್ ಪಕ್ಕಕ್ಕೆ ಸರಿದರೆ ತಿರುವಿನಲ್ಲಿ ಬರುವ ವ್ಯತ್ಯಾಸ ಸುಮಾರು 0.2 ಡಿಗ್ರಿ. ಅದೇ ಗುರುತುಗಳು 30 ಸೆಂಟಿಮೀಟರ್ ಅಂತರದಲ್ಲಿದ್ದರೆ ಹೆಚ್ಚುಕಮ್ಮಿ 1.9 ಡಿಗ್ರಿ. 2 ಮೀಟರ್ ಆಚೆ ನೋಡಿದರೆ ಅದು ಆರೂವರೆ ಸೆಂಟಿಮೀಟರ್! ಇನ್ನೊಂದು ಮಾತು. ಹೃದಯವನ್ನು ಎರಡೂ ಗುರುತುಗಳ ಸರಿಯಾಗಿ ಮಧ್ಯಕ್ಕೆ ಇಟ್ಟೆ, ಆ ಮಧ್ಯಬಿಂದುವನ್ನೇ ಎಲ್ಲರ ಸೊನ್ನೆ ಮಾಡಿದೆ. ತಿರುವಿನಲ್ಲಿ ಸ್ವಲ್ಪ ತಪ್ಪಿದರೂ ಹೃದಯ ಇದ್ದಲ್ಲೇ ಕೊಂಚ ತಿರುಗುತ್ತದೆ, ಮೇಜಿನಿಂದ ಆಚೆ ಜಾರುವುದಿಲ್ಲ. ಆ ಬಿಂದುವಿಗೆ ಪ್ರತಿ ಹೆಡ್‌ಸೆಟ್‌ನಲ್ಲೂ ಒಂದು ಆಂಕರ್ ಕಟ್ಟಿದೆ. ಯಾರಾದರೂ ಸುಮ್ನೆ ಬಟನ್ ಒತ್ತಿ ನೋಟವನ್ನು ರೀಸೆಂಟರ್ ಮಾಡಿದರೂ, ಅಂದರೆ ತಾವು ನೋಡುತ್ತಿರುವ ಕಡೆಯನ್ನೇ ಹೊಸದಾಗಿ ಮುಂದಿನ ದಿಕ್ಕು ಮಾಡಿಕೊಂಡರೂ, ಹೃದಯ ಕದಲುವುದಿಲ್ಲ. ನೆಟ್‌ವರ್ಕ್ ಮೇಲೆ ಹೋಗುವ ಎಲ್ಲಾ ಅಂಕಿಗಳೂ ಈ ಸೊನ್ನೆಯಿಂದ ಅಳೆದವು.

ಜಾಗ ಆಯಿತು, ಇನ್ನು ಸಮಯ. ಹೃದಯದ ಒಂದು ಬಡಿತ ಸುಮಾರು 0.8 ಸೆಕೆಂಡ್. ಇಬ್ಬರ ನಡುವೆ 200 ಮಿಲಿಸೆಕೆಂಡ್ ವ್ಯತ್ಯಾಸ ಬಂದರೆ ಕಾಲು ಬಡಿತ ಹೋಯಿತು. ಒಬ್ಬರಿಗೆ ಹೃದಯದ ಕೆಳಗಿನ ಕೋಣೆ (ಕುಹರ) ಹಿಂಡುತ್ತಿರುತ್ತದೆ, ಇನ್ನೊಬ್ಬರಿಗೆ ಆಗಲೇ ಸಡಿಲವಾಗಿರುತ್ತದೆ. "ಈಗ ಕವಾಟ ಮುಚ್ಚಿತು ನೋಡಿ" ಅಂತ ಮೇಡಂ ಹೇಳುವಂತೆಯೇ ಇಲ್ಲ. ಅದಕ್ಕೆ ನಾನು ಬಡಿತವನ್ನು ಕಳಿಸುವುದೇ ಇಲ್ಲ. ಯಾವ ಕ್ಷಣಕ್ಕೆ ಶುರುವಾಯಿತು, ವೇಗ ಎಷ್ಟು, ಇವೆರಡೇ ಹೋಗುತ್ತವೆ. ಮಿಕ್ಕಿದ್ದನ್ನು ಪ್ರತಿ ಹೆಡ್‌ಸೆಟ್ ತಾನೇ ಲೆಕ್ಕ ಹಾಕುತ್ತದೆ. ಇದಕ್ಕೆ ಎಲ್ಲರ ಗಡಿಯಾರ ಒಂದಾಗಿರಬೇಕು. ಎಲ್ಲ ಹೆಡ್‌ಸೆಟ್‌ಗಳನ್ನೂ ಜೋಡಿಸುವ ಲ್ಯಾಪ್‌ಟಾಪ್, ಅಂದರೆ ಸರ್ವರ್‌ಗೆ ಹಲವು ಸಲ ಸಮಯ ಕೇಳಿ, ಅತಿ ಬೇಗ ಬಂದ ಉತ್ತರವನ್ನು ಇಟ್ಟುಕೊಂಡು, ಹೋಗಿಬರಲು ಹಿಡಿದ ಸಮಯದ ಅರ್ಧವನ್ನು ಅದಕ್ಕೆ ಸೇರಿಸುತ್ತೇನೆ. ನಿಧಾನವಾಗಿ ಬಂದ ಉತ್ತರಗಳ ಸರಾಸರಿ ತೆಗೆಯುವುದಕ್ಕಿಂತ ಇದೇ ವಾಸಿ, ಯಾಕೆಂದರೆ ವೈಫೈ ತಡ ಎರಡೂ ದಿಕ್ಕಿನಲ್ಲಿ ಸಮ ಇರುವುದಿಲ್ಲ.

ವೈಫೈ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಸ್ಥೆಗಳ ವೈಫೈನಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ತಡೆ ಇರುವುದು ಜಾಸ್ತಿ. ನಿಮ್ಮದೇ ಒಂದು 5 ಗಿಗಾಹರ್ಟ್ಸ್ ರೌಟರ್ ಒಯ್ಯಿರಿ, ಸರ್ವರ್ ಲ್ಯಾಪ್‌ಟಾಪನ್ನು ಅದಕ್ಕೆ ಕೇಬಲ್‌ನಲ್ಲಿ ಜೋಡಿಸಿ.

ಇನ್ನು ಮೇಡಂ ಬೆರಳು. ಪಾಸ್‌ಥ್ರೂನಲ್ಲಿ, ಅಂದರೆ ಹೆಡ್‌ಸೆಟ್‌ನ ಕ್ಯಾಮೆರಾಗಳು ಹೊರಗಿನ ನೋಟವನ್ನು ತೋರಿಸುವಾಗ, ಅವರ ನಿಜವಾದ ಕೈಯೇ ಎಲ್ಲರಿಗೂ ಕಾಣುತ್ತದೆ. ಎಷ್ಟೇ ಹೊಂದಿಸಿದರೂ ಸೆಂಟಿಮೀಟರ್‌ನಷ್ಟು ವ್ಯತ್ಯಾಸ ಉಳಿಯುತ್ತದೆ, ಅದು ಕಣ್ಣಿಗೆ ಬೀಳುತ್ತದೆ. ಹಾಗಾಗಿ ಬೆರಳು ಮಾದರಿಗೆ ಎಲ್ಲಿ ತಾಗಿತು ಅನ್ನೋದನ್ನು ಅವರ ಹೆಡ್‌ಸೆಟ್‌ನಲ್ಲೇ ಪತ್ತೆಮಾಡಿ, "ಮೈಟ್ರಲ್ ಕವಾಟ, ಈ ಬಿಂದು" ಅಂತ ಭಾಗದ ಗುರುತನ್ನೇ ಕಳಿಸುತ್ತೇನೆ. ಎಲ್ಲರಲ್ಲೂ ಆ ಭಾಗ ಹೊಳೆಯುತ್ತದೆ. ಬೆರಳು ಚೂರು ಆಚೆ ಕಂಡರೂ ಹೊಳೆಯುವ ಕವಾಟ ಒಂದೇ. ಈ ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

ಮಾದರಿಯ ತುಂಡುಗಳನ್ನು ಕೈಯಲ್ಲಿ ಹಿಡಿಯಬಹುದು. ಇಬ್ಬರು ಒಂದೇ ತುಂಡನ್ನು ಹಿಡಿದರೆ ಯಾರದ್ದು ಅನ್ನೋದನ್ನು ಸರ್ವರ್ ತೀರ್ಮಾನಿಸುತ್ತದೆ. ಹಿಡಿದವರಿಗೆ ಕಾಯಿಸದೆ ತಕ್ಷಣ ಕೈಗೆ ಬರುತ್ತದೆ. ಸರ್ವರ್ ಬೇಡ ಅಂದರೆ ತುಂಡು ಮೆಲ್ಲಗೆ ವಾಪಸ್ ಹೋಗುತ್ತದೆ. ಬೇರೆಯವರ ಕೈಯಲ್ಲಿರುವ ತುಂಡಿನ ಚಲನೆ ಸೆಕೆಂಡಿಗೆ 20 ಸಲ ಬರುತ್ತದೆ. ಅದನ್ನು 100 ಮಿಲಿಸೆಕೆಂಡ್ ತಡವಾಗಿ ತೋರಿಸಿ, ನಡುವಿನ ಸ್ಥಾನಗಳನ್ನು ತುಂಬುತ್ತೇನೆ. ತಡ ಆಗಿದ್ದು ಯಾರ ಗಮನಕ್ಕೂ ಬರುವುದಿಲ್ಲ, ಜರ್ಕ್ ಹೊಡೆದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಹಂಚಿಕೊಳ್ಳಬಾರದ್ದೂ ಇದೆ. ಭಾಗಗಳ ಹೆಸರಿನ ಚೀಟಿ ಪ್ರತಿಯೊಬ್ಬರ ಕಡೆಗೇ ಮುಖ ಮಾಡಿರಬೇಕು, ಇಲ್ಲದಿದ್ದರೆ ಎದುರು ನಿಂತವರಿಗೆ ಉಲ್ಟಾ, ಅಲ್ವಾ? ಆ ಚೀಟಿ ಕನ್ನಡದಲ್ಲಿರಬೇಕೋ ಇಂಗ್ಲಿಷಿನಲ್ಲೋ ಅನ್ನೋದೂ ಅವರವರ ಆಯ್ಕೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಮೊದಲ ವಾರಗಳಲ್ಲಿ ಇದು ತುಂಬಾ ಬೇಕು.

ಸರಿಹೋಗಿದೆಯಾ ಅಂತ ನೋಡಲು ನಾನು ಬಳಸುವ ದಾರಿ ಹೀಗಿದೆ. ಎರಡು ಹೆಡ್‌ಸೆಟ್‌ಗಳನ್ನು ಪಕ್ಕಪಕ್ಕ ಇಟ್ಟು, ಲೆನ್ಸ್‌ಗಳ ಕಡೆಯಿಂದ ಫೋನಿನ ಸೆಕೆಂಡಿಗೆ 240 ಫ್ರೇಮ್‌ಗಳ ಸ್ಲೋಮೋಷನ್‌ನಲ್ಲಿ ಎರಡೂ ಪರದೆಗಳನ್ನು ಒಟ್ಟಿಗೆ ಹಿಡಿಯುತ್ತೇನೆ. ಒಂದು ಫ್ರೇಮ್ ಅಂದರೆ ಸುಮಾರು 4 ಮಿಲಿಸೆಕೆಂಡ್. ಒಂದರಲ್ಲಿ ಕವಾಟ ಮುಚ್ಚಿದ ಮೇಲೆ ಇನ್ನೊಂದರಲ್ಲಿ ಮುಚ್ಚುವವರೆಗಿನ ಫ್ರೇಮ್‌ಗಳನ್ನು ಎಣಿಸಿದರೆ ಎಷ್ಟು ಹಿಂದೆಮುಂದೆ ಇದೆ ಅಂತ ನೇರವಾಗಿ ಸಿಗುತ್ತದೆ. ಆ್ಯಪ್ ಬದಲಾದಾಗಲೆಲ್ಲ ಈ ಪರೀಕ್ಷೆ ಮಾಡಿಯೇ ಹೆಡ್‌ಸೆಟ್‌ಗಳನ್ನು ಲ್ಯಾಬಿಗೆ ಕಳಿಸುತ್ತೇನೆ.